‘ಒಮ್ಮೊಮ್ಮೆ’ ಎಂಬುದು ಕಾರಣವಲ್ಲ



ನಿವೃತ್ತ ಮೇಷ್ಟರಿಗೆ ಗಣಕಯಂತ್ರದ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಆದರೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, 371(ಜೆ) ಅರ್ಹತಾ ಪತ್ರ, ವಿದ್ಯಾರ್ಥಿವೇತನ ಎಲ್ಲಕ್ಕೂ ಈಗ ಅಂತರ್ಜಾಲ ತಾಣಗಳೇ ಗತಿಯಾಗಿವೆ. ನಮ್ಮ ಭಾಗದ ಬಡಮಕ್ಕಳ ವಿದ್ಯೆಯ ಬಾಗಿಲು ತೆರೆಯುವುದೂ ಮುಚ್ಚುವುದೂ ಆ ಪರದೆಯ ಮೇಲೆಯೇ. ಆದಕಾರಣ ಈ ವಿಷಯವನ್ನು ಬಲ್ಲವರಿಂದ ಕೇಳಿ ತಿಳಿದು, ನನಗೆ ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಬಂಧುಗಳ ಪೈಕಿ ಒಬ್ಬ ಹುಡುಗಿ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕಡೆಯ ದಿನ ಹುಮನಾಬಾದಿನ ಒಂದು ಅಂಗಡಿಗೆ ಹೋದಳು. ತಾಣ ತೆರೆಯಿತು, ಎರಡನೆಯ ಪುಟಕ್ಕೆ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಬಂದಿತು. ಮತ್ತೆ ಪ್ರಯತ್ನಿಸಿದರೆ ತೆರೆಯಿತು, ಮತ್ತೊಂದು ಪುಟಕ್ಕೆ ನಿಂತಿತು. ಜಾಲ ಚೆನ್ನಾಗಿರಬಹುದೆಂದು ತಂದೆ ಮಗಳಿಬ್ಬರೂ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಬಂದರು. ಅಲ್ಲಿಯೂ ಅದೇ ಕಥೆ. ಸಹಾಯವಾಣಿಯವರು ‘ನಮ್ಮಲ್ಲಿ ಸರಿಯಾಗಿಯೇ ತೆರೆಯುತ್ತಿದೆ’ ಎಂದರು. ಅಂಗಡಿಯ ತರುಣ, ‘ಒಮ್ಮೊಮ್ಮಿ ಹಿಂಗ ಆಗ್ತದ್ರಿ, ಕೆಳಗ ಒತ್ತಿ ಮುಂದ ಹೋಗ್ರಿ’ ಎಂದ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವನ್ನೂ ಬರೆಯಬೇಕಾದ ಪುಟವದು. ಹುಡುಗಿ ಒಪ್ಪಲಿಲ್ಲ. ರಾತ್ರಿ ಹನ್ನೆರಡಕ್ಕೆ ಅವಧಿ ಮುಗಿಯಿತು. ಆ ವರ್ಷದ ವೇತನವೂ ಹೋಯಿತು.

ಹುಡುಗಿ ಮಾಡಿದ್ದು ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಳಿದ ಇಬ್ಬರ ಉತ್ತರಗಳೂ ಸರಿಯಲ್ಲ. ಏಕೆಂಬುದನ್ನು ಹೇಳುತ್ತೇನೆ.

ತಾಣದ ವಿಳಾಸದಲ್ಲಿ ‘ಎಚ್‌ಟಿಟಿಪಿಎಸ್’ ಎಂದಿದ್ದರೆ ಎರಡು ಭರವಸೆಗಳಿರುತ್ತವೆ. ಒಂದು, ನಾವು ಬರೆದದ್ದನ್ನು ದಾರಿಯಲ್ಲಿ ಯಾರೂ ಓದಲಾರರು. ಎರಡು, ಆಚೆಗಿರುವುದು ಆ ವಿಳಾಸದ ನಿಜವಾದ ಯಂತ್ರವೇ ಹೊರತು ಸೋಗು ಹಾಕಿದವನಲ್ಲ. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದುದನ್ನು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ವ್ಯಾಜ್ಯದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಆ ಶಾಸ್ತ್ರ ಹೇಳುತ್ತದೆ. ಅಂತರ್ಜಾಲದಲ್ಲಿ ಅಪರಿಚಿತ ಯಂತ್ರವೊಂದು ತನ್ನ ಗುರುತಿಗೆ ತೋರಿಸಬಲ್ಲದ್ದು ಲಿಖಿತವನ್ನು ಮಾತ್ರ. ಅದೇ ತಾಣದ ಪ್ರಮಾಣಪತ್ರ.

ಈ ಪತ್ರಕ್ಕೂ ನಮ್ಮ ಶಾಲೆಯ ವರ್ಗಾವಣೆ ಪತ್ರಕ್ಕೂ ಹೋಲಿಕೆಯಿದೆ. ಗಡಿ ದಾಟಿ ಮಹಾರಾಷ್ಟ್ರದ ಶಾಲೆಗೆ ಸೇರುವ ಮಗುವಿನ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಸಾಲದು, ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ಅಂತೆಯೇ ತಾಣದ ಪತ್ರಕ್ಕೆ ನಡುವಿನ ಅಧಿಕಾರಿಯೊಬ್ಬನ ಸಹಿ, ಅವನಿಗೆ ಮೂಲ ಅಧಿಕಾರಿಯ ಸಹಿ ಇರುತ್ತದೆ. ಆ ಮೂಲ ಅಧಿಕಾರಿಗಳ ಪಟ್ಟಿ ನಮ್ಮ ಯಂತ್ರದಲ್ಲಿ ಮೊದಲೇ ಇರುತ್ತದೆ. ಜೊತೆಗೆ ಪತ್ರಕ್ಕೆ ಅವಧಿಯೂ ಉಂಟು.

ಹಾಗಾದರೆ ದೋಷ ಒಮ್ಮೆ ಕಾಣಿಸಿ ಒಮ್ಮೆ ಮರೆಯಾಗುವುದೇಕೆ? ಶಾಲೆಯಲ್ಲಿ ಆಗಾಗ ಗೈರುಹಾಜರಾಗುವ ಹುಡುಗನ ವಿಷಯದಲ್ಲಿ ನಾವು ಮಾಡುತ್ತಿದ್ದುದು ಒಂದೇ ಕೆಲಸ, ಹಾಜರಿ ಪುಸ್ತಕ ತೆರೆಯುವುದು. ತಿಂಗಳ ಸಾಲು ನೋಡಿದೊಡನೆ ಆತ ಸಂತೆಯ ದಿನ ಮಾತ್ರ ಬರುವುದಿಲ್ಲವೆಂದು ತಿಳಿಯುತ್ತಿತ್ತು. ಯಂತ್ರದ ‘ಒಮ್ಮೊಮ್ಮೆ’ಗೂ ಇಂಥ ‘ಸಂತೆಯ ದಿನ’ ಇದ್ದೇ ಇರುತ್ತದೆ.

ಸಾಮಾನ್ಯ ಕಾರಣಗಳು ಹೀಗಿವೆ. ದೊಡ್ಡ ತಾಣಗಳಲ್ಲಿ ಒಂದೇ ಹೆಸರಿನ ಹಿಂದೆ ಹಲವು ಯಂತ್ರಗಳಿರುತ್ತವೆ. ಮೂರಕ್ಕೆ ಹೊಸ ಪತ್ರ ಹಾಕಿ ನಾಲ್ಕನೆಯದನ್ನು ಮರೆತರೆ, ಅದರ ಪಾಲಿಗೆ ಬಿದ್ದವರಿಗೆ ಮಾತ್ರ ದೋಷ ಕಾಣುತ್ತದೆ. ಕೆಲವೊಮ್ಮೆ ಹೊಸ ಪತ್ರ ತಟ್ಟೆಯ ಮೇಲಿದ್ದರೂ ಸರ್ವರ್ ತಂತ್ರಾಂಶವನ್ನು ಮರುಚಾಲನೆ ಮಾಡದಿದ್ದುದರಿಂದ ಅದು ನೆನಪಿನಲ್ಲಿರುವ ಹಳೆಯದನ್ನೇ ತೋರಿಸುತ್ತಿರುತ್ತದೆ. ನಡುವಿನ ಅಧಿಕಾರಿಯ ಪತ್ರವನ್ನು ಸರ್ವರ್ ಕಳುಹಿಸದಿದ್ದರೆ, ಅದನ್ನು ಬೇರೆಡೆ ಕಂಡಿರುವ ಬ್ರೌಸರ್ ಒಪ್ಪುತ್ತದೆ, ಕಾಣದ ಬ್ರೌಸರ್ ತಿರಸ್ಕರಿಸುತ್ತದೆ. ಮೊಬೈಲ್ ಜಾಲವು ಐಪಿವಿ6 ದಾರಿಯಲ್ಲಿಯೂ ಅಂಗಡಿಯ ತಂತಿ ಐಪಿವಿ4 ದಾರಿಯಲ್ಲಿಯೂ ಹೋದಾಗ ಎರಡು ದಾರಿಗಳ ಕೊನೆಯಲ್ಲಿ ಬೇರೆ ಬೇರೆ ಪತ್ರಗಳಿರುವುದೂ ಉಂಟು. ನಮ್ಮ ಕಡೆಯ ದೋಷವೂ ಇರಬಹುದು. ಗಣಕದ ಒಳಗಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಹಳೆಯ ವರ್ಷಕ್ಕೆ ಜಿಗಿಯುತ್ತದೆ. ಆಗ ನ್ಯಾಯವಾದ ಪತ್ರಗಳೂ ‘ಇನ್ನೂ ಜಾರಿಗೆ ಬಾರದವು’ ಎನಿಸುತ್ತವೆ. ಆದರೆ ಗಡಿಯಾರ ತಪ್ಪಿದ್ದರೆ ಹೆಚ್ಚಿನ ತಾಣಗಳೆಲ್ಲವೂ ಮುನಿಯುತ್ತವೆ. ಒಂದೇ ತಾಣ ಮುನಿದಿದ್ದರೆ ದೋಷವನ್ನು ಅಲ್ಲಿಯೇ ಹುಡುಕಬೇಕು.

ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗ ನೋಡಿ. 2014ರ ಜುಲೈ 2ರಂದು, ಗೂಗಲ್‌ನ ಹೆಸರುಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿರುವುದನ್ನು ಗೂಗಲ್ ಪತ್ತೆಹಚ್ಚಿತು. ಅವುಗಳನ್ನು ಕೊಟ್ಟದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣೀಕರಣ ವಿಭಾಗ. ಮರುದಿನವೇ ಆ ನಡುವಿನ ಅಧಿಕಾರಪತ್ರಗಳು ರದ್ದಾದವು. ವಿಂಡೋಸ್‌ನ ಪಟ್ಟಿಯಲ್ಲಿ ಭಾರತದ ಮೂಲ ಅಧಿಕಾರಿಯ ಹೆಸರಿತ್ತು, ಫೈರ್‌ಫಾಕ್ಸ್‌ನ ಪಟ್ಟಿಯಲ್ಲಿ ಇರಲಿಲ್ಲ. ಒಂದೇ ಪತ್ರವನ್ನು ಒಂದು ಬ್ರೌಸರ್ ಒಪ್ಪಿ ಇನ್ನೊಂದು ತಿರಸ್ಕರಿಸುವುದಕ್ಕೆ ಇಂಥ ಸ್ಪಷ್ಟ ಕಾರಣವಿರುತ್ತದೆ. ಸುಳ್ಳು ಪತ್ರ ಎಂಬುದು ಬರಿಯ ಕಲ್ಪನೆಯಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ಪರದೆಯ ಎಚ್ಚರಿಕೆ ಮರೆವಿನಿಂದ ಬಂದದ್ದೋ ಮೋಸದಿಂದ ಬಂದದ್ದೋ ಎಂಬುದನ್ನು ಅಂಗಡಿಯಲ್ಲಿ ಕುಳಿತ ಹುಡುಗಿ ಹೇಗೆ ಬಲ್ಲಳು? ಆದ್ದರಿಂದ ‘ಒತ್ತಿ ಮುಂದೆ ಹೋಗು’ ಎಂಬ ಪಾಠವನ್ನು ಮಕ್ಕಳಿಗೆ ಯಾರೂ ಕಲಿಸಬಾರದು.

ಇನ್ನು ‘ನಮ್ಮಲ್ಲಿ ತೆರೆಯುತ್ತಿದೆ’ ಎಂಬ ಮಾತು. ಒಂದು ಚಿಕ್ಕ ಲೆಕ್ಕ ಮಾಡೋಣ. ನಾಲ್ಕು ಯಂತ್ರಗಳಲ್ಲಿ ಒಂದು ಕೆಟ್ಟಿದೆ, ಅರ್ಜಿಗೆ ಐದು ಪುಟಗಳಿವೆ, ಪ್ರತಿ ಪುಟವೂ ನಾಲ್ಕರಲ್ಲಿ ಯಾವುದೋ ಒಂದಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಐದೂ ಪುಟಗಳು ತಡೆಯಿಲ್ಲದೆ ಮುಗಿಯುವ ಸಾಧ್ಯತೆ 1024ರಲ್ಲಿ 243, ಅಂದರೆ ನೂರಕ್ಕೆ 24ರಷ್ಟು ಮಾತ್ರ. ಒಂದು ಪುಟ ತೆರೆದು ನೋಡುವ ಅಧಿಕಾರಿಗೆ ಮುಕ್ಕಾಲು ಪಾಲು ಸರಿಯೆನಿಸುವ ತಾಣ, ಅರ್ಜಿ ತುಂಬುವವರಿಗೆ ಮುಕ್ಕಾಲು ಪಾಲು ಕೆಟ್ಟಿರುತ್ತದೆ. ಬೆಂಗಳೂರಿನಲ್ಲಿ ಕುಳಿತವರು ಹತ್ತು ಸಲ ಪ್ರಯತ್ನಿಸಬಹುದು. ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಗಂಟೆಗಿಷ್ಟೆಂದು ಹಣ ಕೊಟ್ಟು ಕುಳಿತವರಿಗೆ ಪ್ರತಿ ಪ್ರಯತ್ನಕ್ಕೂ ಬೆಲೆಯುಂಟು. ಆಗಾಗ ಬರುವ ದೋಷವನ್ನು ಪೂರ್ಣ ದೋಷವೆಂದೇ ಎಣಿಸಬೇಕು. ಅಂಥ ದಿನ ಅರ್ಜಿಯ ಅವಧಿಯನ್ನು ಕೇಳದೆಯೇ ವಿಸ್ತರಿಸಬೇಕು.

ಈ ಎಚ್ಚರ ಮುಂದೆ ಇನ್ನೂ ಅಗತ್ಯ. 2020ರ ಸೆಪ್ಟೆಂಬರ್‌ನಲ್ಲಿ ಪ್ರಮಾಣಪತ್ರದ ಗರಿಷ್ಠ ಅವಧಿ 398 ದಿನಗಳಿಗೆ ಇಳಿಯಿತು. 2025ರ ಏಪ್ರಿಲ್‌ನಲ್ಲಿ ಆದ ನಿರ್ಣಯದ ಪ್ರಕಾರ ಅದು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ವರ್ಷಕ್ಕೊಮ್ಮೆ ಕೈಯಿಂದ ಪತ್ರ ಬದಲಿಸುತ್ತಿದ್ದವರು ಒಂದೂವರೆ ತಿಂಗಳಿಗೊಮ್ಮೆ ಎಲ್ಲ ಯಂತ್ರಗಳಲ್ಲಿಯೂ ಬದಲಿಸಬೇಕಾಗುತ್ತದೆ. ಅದನ್ನು ಯಂತ್ರಕ್ಕೇ ಒಪ್ಪಿಸಿ, ಒಪ್ಪಿಸಿದ್ದು ನಡೆದಿದೆಯೇ ಎಂದು ಪರೀಕ್ಷಿಸುವ ಕ್ರಮವಿಲ್ಲದಿದ್ದರೆ ಇಂಥ ‘ಒಮ್ಮೊಮ್ಮೆ’ಗಳು ಹೆಚ್ಚುತ್ತವೆ.

ನಿಮ್ಮಲ್ಲಿ ಹಲವರು ಹೈದರಾಬಾದು, ಪುಣೆ, ಬೆಂಗಳೂರುಗಳಲ್ಲಿ ಇದೇ ಕೆಲಸದಲ್ಲಿದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ತಾಣದ ಹೆಸರನ್ನಷ್ಟೇ ಪರೀಕ್ಷಿಸಿ ತೃಪ್ತರಾಗಬೇಡಿ. ಹೆಸರಿನ ಹಿಂದಿರುವ ಪ್ರತಿಯೊಂದು ಯಂತ್ರವನ್ನೂ ಅದರ ಸಂಖ್ಯಾ ವಿಳಾಸದಿಂದ ಬೇರೆಬೇರೆಯಾಗಿ ಕರೆದು, ತೋರಿಸುವ ಪತ್ರದ ಅವಧಿಯನ್ನೂ ಮೇಲುಸಹಿಗಳನ್ನೂ ನೋಡಿ. ‘ಓಪನ್‌ಎಸ್‌ಎಸ್‌ಎಲ್’ ಎಂಬ ಉಚಿತ ತಂತ್ರಾಂಶದಿಂದ ಇದು ಕೆಲವೇ ನಿಮಿಷಗಳ ಕೆಲಸವಂತೆ. ಊರಿನಲ್ಲಿರುವವರು ದೋಷ ಕಂಡಾಗ ದಿನ, ಗಂಟೆ, ಬ್ರೌಸರ್, ಯಾವ ಜಾಲ, ಪರದೆಯ ಮೇಲಿನ ಅಕ್ಷರಶಃ ಮಾತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ಸಾಧ್ಯವಾದರೆ ಚಿತ್ರವನ್ನೂ ತೆಗೆದುಕೊಳ್ಳಿ. ‘ತೆರೆಯುತ್ತಿಲ್ಲ’ ಎಂಬ ದೂರಿಗೆ ಸಿಗದ ಉತ್ತರ ಇಂಥ ಹಾಳೆಗೆ ಸಿಗುತ್ತದೆ. ಅರ್ಜಿಯನ್ನು ಕಡೆಯ ದಿನಕ್ಕೆ ಉಳಿಸಿಕೊಳ್ಳಬೇಡಿರೆಂದು ಮಕ್ಕಳಿಗೂ ಹೇಳಿ.

ನಮ್ಮ ಹುಡುಗಿ ಈ ವರ್ಷ ಮತ್ತೆ ಅರ್ಜಿ ಹಾಕಲಿದ್ದಾಳೆ. ಈ ಸಲ ಮೊದಲ ವಾರದಲ್ಲಿಯೇ.