ಕಾಫಿಯ ಹೊತ್ತಿನ ಒಂದು ಮಾತು

ಹಲಸೂರಿನ ಗೃಹಸ್ಥರೊಬ್ಬರು, ವೃದ್ಧ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಅನುಕೂಲವಾಗಲೆಂದು ಭವಿಷ್ಯನಿಧಿಯಿಂದ ಹಣ ತೆಗೆದು, ಇಂದಿರಾನಗರದ ಸಭ್ಯರೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡರೆಂದಿಟ್ಟುಕೊಳ್ಳಿ. ಮಾರಿದವರು ಕಾಫಿ ಕೊಟ್ಟು, "ಮನೆಯವರೇ ಓಡಿಸಿದ ಗಾಡಿ, ಒಂದು ಪೆಟ್ಟೂ ಬಿದ್ದಿಲ್ಲ" ಎಂದರು. ಹದಿನೈದು ದಿನಗಳಲ್ಲಿ ಶಿವಾಜಿನಗರದ ಮೇಸ್ತ್ರಿಯೊಬ್ಬನು ಚಾಸಿಯ ಬೆಸುಗೆಯನ್ನು ತೋರಿಸಿ, ಇದು ದೊಡ್ಡ ಅಪಘಾತ ಕಂಡ ಗಾಡಿ ಎನ್ನುತ್ತಾನೆ. ಮಾರಿದವರು ಈಗ ದೂರವಾಣಿ ಎತ್ತುವುದಿಲ್ಲ.

ನೆಂಟರಿಷ್ಟರ ಮೊದಲ ಸಲಹೆ ಗ್ರಾಹಕ ನ್ಯಾಯಾಲಯ. ಸಲಹೆಯ ಉದ್ದೇಶ ಒಳ್ಳೆಯದೇ. ಪ್ರಯೋಜನ ಮಾತ್ರ ಕಡಮೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಕೈಹಿಡಿಯುವುದು ವ್ಯಾಪಾರಿಯ ಎದುರಿನಲ್ಲಿ. ಮನೆಯ ಒಂದು ಕಾರನ್ನು ಮಾರಿದವರು ವ್ಯಾಪಾರಿಯೆನಿಸರು. 1930ರ ಸರಕು ಮಾರಾಟ ಅಧಿನಿಯಮವೂ ಗುಣದ ವಿಷಯದಲ್ಲಿ ಕೊಳ್ಳುವವನೇ ಕಣ್ಣು ತೆರೆದಿರಲಿ ಎನ್ನುತ್ತದೆ. ಒಡೆತನದ ವಿಷಯದಲ್ಲಿ ಅದು ಬಿಗಿ: ಕದ್ದ ಗಾಡಿಯನ್ನೋ ಸಾಲ ತೀರದ ಗಾಡಿಯನ್ನೋ ಮರೆಮಾಚಿ ಮಾರಿದವನು, ವ್ಯಾಪಾರಿಯಾಗಿರಲಿ ಬಿಡಲಿ, 14ನೆಯ ಪ್ರಕರಣದಂತೆ ಹೊಣೆಗಾರ.

ಉಳಿದ ದಾರಿ 1872ರ ಕರಾರು ಅಧಿನಿಯಮ. ವೈಸರಾಯ್ ಮೇಯೊ ಅಂಡಮಾನಿನಲ್ಲಿ ಕೊಲೆಯಾದ ವರ್ಷವೇ ಹುಟ್ಟಿದ ಆ ಕಾನೂನಿನ ಮೇಲೆ, ಅವನ ಹೆಸರನ್ನೇ ಹೊತ್ತ ಮೇಯೊ ಹಾಲಿನ ನ್ಯಾಯಾಲಯಗಳಲ್ಲಿ ಇಂದಿಗೂ ವಾದ ನಡೆಯುತ್ತಿರುವುದು ಕಾಲದ ವಿನೋದ. ಅದರ 17ನೆಯ ಪ್ರಕರಣವು ಮೌನಕ್ಕೂ ಸುಳ್ಳಿಗೂ ನಡುವೆ ಗೆರೆ ಎಳೆಯುತ್ತದೆ. ಅಪಘಾತದ ಸುದ್ದಿಯೆತ್ತದೆ ಸುಮ್ಮನಿದ್ದವನು ಸಾಮಾನ್ಯವಾಗಿ ವಂಚಕನಲ್ಲ. ಬಿದ್ದ ಪೆಟ್ಟನ್ನು ಬಲ್ಲವನಾಗಿಯೂ ಬಿದ್ದಿಲ್ಲವೆಂದವನು, ಬಣ್ಣ ಬಳಿದು ಬೆಸುಗೆಯನ್ನು ಅಡಗಿಸಿದವನು, ಮೀಟರನ್ನು ಹಿಂದಕ್ಕೆ ತಿರುಗಿಸಿದವನು ವಂಚಕ. ಹೀಗೆ ಇಡೀ ದಾವೆ ನಿಲ್ಲುವುದು ಕಾಫಿಯ ಹೊತ್ತಿನ ಆ ಒಂದು ಮಾತಿನ ಮೇಲೆ. ಅದೇ ಪ್ರಶ್ನೆಯನ್ನು ಹಣ ಕೊಡುವ ಮುನ್ನ ವಾಟ್ಸಾಪಿನಲ್ಲಿ ಕೇಳಿ ಉತ್ತರ ಪಡೆದಿದ್ದರೆ ಗೃಹಸ್ಥರ ಕೆಲಸ ಎಷ್ಟೋ ಹಗುರ. ಇಲ್ಲವಾದರೆ ಜತೆಗೆ ಹೋಗಿ ಕಾಫಿ ಕುಡಿದ ಭಾವಮೈದುನನೇ ಸಾಕ್ಷಿ.

ಗಾಡಿಯನ್ನು ಕೂಡಲೇ ನಿಲ್ಲಿಸಬೇಕು. ತಾಯಿಯ ಕ್ಷೇಮಕ್ಕಾಗಿಯಂತೂ ಸರಿಯೇ. ಮೋಸ ತಿಳಿದ ಮೇಲೂ ಓಡಿಸಿದರೆ ಕರಾರಿಗೆ ಒಪ್ಪಿದಂತೆಂದು ಎದುರಾಳಿಯ ವಕೀಲರು ವಾದಿಸದೆ ಬಿಡರು. ರಿಪೇರಿಗೆ ಕೈಹಚ್ಚುವ ಮೊದಲೇ ಬೆಸುಗೆಯ ಭಾವಚಿತ್ರ, ಸರ್ವಿಸ್ ಕೇಂದ್ರದ ಲಿಖಿತ ವರದಿ, ಹಳೆಯ ವಿಮಾ ಕ್ಲೇಮುಗಳ ವಿವರ ಕೂಡಿಸಿ, ಗಾಡಿಯನ್ನು ಹಿಂದಕ್ಕೊಪ್ಪಿಸಿ ಹಣ ಕೇಳುವ ನೋಟೀಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಬೇಕು. ದಾವೆಗೆ ಅವಧಿ ಮೂರು ವರ್ಷ; ಎಣಿಕೆ ವಂಚನೆ ತಿಳಿದ ದಿನದಿಂದ. ಮೊದಲಿನಿಂದಲೂ ಮೋಸದ ಉದ್ದೇಶವಿದ್ದುದಾದರೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಪ್ರಕರಣದಂತೆ ಪೊಲೀಸು ದೂರೂ ಸಲ್ಲುತ್ತದೆ. ಠಾಣೆಯವರು ಸಿವಿಲ್ ವ್ಯಾಜ್ಯವೆಂದು ತಳ್ಳಿಹಾಕಿದರೆ ಮೇಲಧಿಕಾರಿಗೆ ಬರೆದುಕೊಟ್ಟು, ಬಳಿಕ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು.

ಇನ್ನೊಂದು ಸಂಗತಿಯನ್ನು ಮಾರಿದವರು ಬಹುಶಃ ಮರೆತಿರುತ್ತಾರೆ. ರಾಜ್ಯದೊಳಗಿನ ಮಾರಾಟವನ್ನು 14 ದಿನಗಳಲ್ಲಿ ನೋಂದಣಿ ಕಚೇರಿಗೆ ತಿಳಿಸುವುದು ಅವರ ಕರ್ತವ್ಯ. ಆರ್.ಟಿ.ಓ. ದಾಖಲೆಯಲ್ಲಿ ಇನ್ನೂ ಅವರ ಹೆಸರೇ ಇದ್ದು, ಆ ಗಾಡಿ ಯಾರಿಗಾದರೂ ಬಡಿದರೆ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಮೊಕದ್ದಮೆಯ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸ್ಪಷ್ಟ. ಈ ವಿಷಯವನ್ನು ನೋಟೀಸಿನ ಕೊನೆಯಲ್ಲಿ ಸೇರಿಸಿದರೆ, ಎತ್ತದಿದ್ದ ದೂರವಾಣಿಯನ್ನು ಎತ್ತುವವರೂ ಉಂಟು.