ತಪಾಸಣೆಗೂ ಒಂದು ಪರೀಕ್ಷೆ

ಕೋಲಾರ ಚಿನ್ನದ ಗಣಿ ಎಷ್ಟು ಆಳವೆಂದು ಕೇಳಿದರೆ ಹೋಳೂರಿನ ಶಾಲಾ ಮಕ್ಕಳೂ ಥಟ್ಟನೆ ಹೇಳಿಯಾರು: ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಆಳಕ್ಕೆ ಇಳಿದವರ ಜೀವ ಕಾಯುವ ಹೊಣೆ ಯಾರದಾಗಿತ್ತು? ಆ ಕಾವಲು ಫಲ ಕೊಟ್ಟಿತೇ ಎಂದು ಅಳೆಯುವುದು ಹೇಗೆ? ಈ ಪ್ರಶ್ನೆಗಳು ಮಾತ್ರ ತರಗತಿಯಲ್ಲಿ ಏಳುವುದು ಅಪರೂಪ.

1880ರ ದಶಕದಿಂದ ಜಾನ್ ಟೇಲರ್ ಕಂಪೆನಿಯ ಕೈಯಲ್ಲಿದ್ದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಹೀಗೆ ಸುಮಾರು 45 ವರ್ಷ ಗಣಿಯ ಒಡೆಯ ಸರ್ಕಾರವೇ. ತಪಾಸಣೆಗೆ ಬರುತ್ತಿದ್ದವರೂ ಸರ್ಕಾರದವರೇ; ಅವರ ಇಲಾಖೆಯ ಕೇಂದ್ರ ಕಚೇರಿ ಧನಬಾದಿನಲ್ಲಿದೆ. 1952ರ ಗಣಿ ಕಾಯ್ದೆ ಸರ್ಕಾರಿ ಗಣಿಗೆ ವಿನಾಯಿತಿ ಕೊಡಲಿಲ್ಲ. ಹಗಲಾಗಲಿ ಇರುಳಾಗಲಿ ಒಳಹೋಗುವ, ಪ್ರಾಣಾಪಾಯ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ತಪಾಸಣಾಧಿಕಾರಿಗಿತ್ತು.

ಅಪಾಯಗಳೂ ಸಾಮಾನ್ಯವಲ್ಲ. ಅದಿರು ತೆಗೆದಂತೆಲ್ಲ ಮೇಲಿನ ಬಂಡೆಯ ಭಾರ ಉಳಿದ ಕಲ್ಲಿನ ಮೇಲೆ ಬಿದ್ದು, ಅದು ಒಮ್ಮೆಲೇ ಸಿಡಿಯುತ್ತಿತ್ತು. ಗಣಿಯವರು ಇದನ್ನು ಏರ್ ಬ್ಲಾಸ್ಟ್ ಎಂದು ಕರೆದರು. ಖಾಲಿಯಾದ ಜಾಗಕ್ಕೆ ಗ್ರಾನೈಟ್ ಕಲ್ಲಿನ ಆಧಾರ ಕಟ್ಟಿದ್ದಾರೆಯೇ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಕಲ್ಲು ಕೊರೆಯುವಾಗ ಏಳುವ ದೂಳು ಹಾಗಲ್ಲ. ಅದು ಶ್ವಾಸಕೋಶ ಸೇರಿ, ವರ್ಷಗಳ ನಂತರ ಸಿಲಿಕೋಸಿಸ್ ಆಗಿ ಕಾಣಿಸಿಕೊಳ್ಳುತ್ತದೆ. ಅಂಥ ರೋಗಿಯ ಹೆಸರು ಅಪಘಾತದ ಪುಸ್ತಕದಲ್ಲಿ ಇರುವುದಿಲ್ಲ.

ಹಾಗಾದರೆ ತಪಾಸಣೆಗೆ ಅಂಕ ಕೊಡುವುದು ಹೇಗೆ? ಎಷ್ಟು ಸಲ ಬಂದರು ಎಂಬ ಲೆಕ್ಕ ಸಾಲದು. ಅಪಘಾತ ಕಡಿಮೆಯಾಯಿತು ಎಂದರೂ ಸಾಲದು. 20ನೆಯ ಶತಮಾನದ ಆರಂಭದಲ್ಲಿ 30 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದ ಈ ಗಣಿಗಳಲ್ಲಿ ಕೊನೆಗೆ ಉಳಿದವರು ಕೆಲವೇ ಸಾವಿರ. ಕೆಲಸಗಾರರು ಕಡಿಮೆಯಾದರೆ ಗಾಯಗಳೂ ಕಡಿಮೆಯಾಗುತ್ತವೆ. ಆದ್ದರಿಂದ ಸಾವಿರ ಮಂದಿಗೆ ಎಷ್ಟು ಎಂದು ನೋಡಬೇಕು.

ಇನ್ನೊಂದು ತೊಡಕುಂಟು. ಒಂದು ಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಪಡೆದ ಹುಡುಗ ಮುಂದಿನದರಲ್ಲಿ ಟ್ಯೂಷನ್ ಇಲ್ಲದೆಯೂ ತುಸು ಮೇಲೇರುವುದುಂಟು. ಅತಿ ಹೆಚ್ಚು ಗಾಯಗಳಾದ ಕಡೆಗೇ ಅಧಿಕಾರಿಗಳನ್ನು ಕಳುಹಿಸಿದರೆ, ಮರುವರ್ಷದ ಇಳಿಕೆ ತಪಾಸಣೆಯ ಫಲವೋ ಕಾಲದ ಏರಿಳಿತವೋ ತಿಳಿಯದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅಪಾಯ ಹೆಚ್ಚಿರುವ ಉದ್ಯಮಗಳ ಕೆಲವು ಕಡೆ ಚೀಟಿ ಎತ್ತಿದಂತೆ ಆರಿಸಿ ತಪಾಸಣೆ ನಡೆಯುತ್ತಿತ್ತು. ಅವುಗಳನ್ನು ತಪಾಸಣೆ ಆಗದ ಅಂಥವೇ ಸ್ಥಳಗಳೊಡನೆ ಹೋಲಿಸಿದ ಅಧ್ಯಯನ 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಾಯಗಳ ಪ್ರಮಾಣ ಶೇ 9.4ರಷ್ಟು ಇಳಿದಿತ್ತು. ಉದ್ಯೋಗ ನಷ್ಟ ಕಂಡುಬರಲಿಲ್ಲ. ತಪಾಸಣೆ ಬರಿಯ ಶಾಸ್ತ್ರವಲ್ಲ ಎಂಬುದಕ್ಕೆ ಇದು ಆಧಾರ.

ಗಣಿ ಮುಚ್ಚಿದೆ, ಸೈನೈಡ್ ದಿಬ್ಬಗಳು ಉಳಿದಿವೆ. ವಿದ್ಯುತ್ ಕಂಬ ಏರುವವರು, ಬಸ್ ಡಿಪೋದಲ್ಲಿ ದುಡಿಯುವವರು ಇಂದಿಗೂ ಪ್ರತಿ ಊರಿನಲ್ಲೂ ಇದ್ದಾರೆ. ಅವರಲ್ಲಿ ಅನೇಕರು ಇದನ್ನು ಓದುವ ಮಕ್ಕಳ ತಂದೆತಾಯಿಗಳೇ. ಸಂಜೆ ಮನೆಗೆ ಬಂದ ಅಪ್ಪನನ್ನು ಮಕ್ಕಳು ಕೇಳಬಹುದಾದ ಪ್ರಶ್ನೆಗಳು ಎರಡು: ಸುರಕ್ಷತೆ ನೋಡಲು ಕಳೆದ ಬಾರಿ ಯಾರು ಬಂದಿದ್ದರು? ಅವರು ಹೋದ ಮೇಲೆ ಏನು ಬದಲಾಯಿತು? ಎರಡನೆಯದಕ್ಕೆ ಉತ್ತರ ಸಿಕ್ಕಿದರೆ ಮಾತ್ರ ತಪಾಸಣೆ ಪಾಸಾದಂತೆ.