ಚಹಾಮನೆಯ ಕಿರುಬಾಗಿಲು

ಜಪಾನ್ ದೇಶದ ಬಿವಾ ಸರೋವರದ ದಂಡೆಯಲ್ಲಿ ಹಿಕೋನೆ ಎಂಬ ಊರಿದೆ. ಅಲ್ಲಿಯ ಗುಡ್ಡದ ಮೇಲಿನ ಕೋಟೆ ಪೂರ್ಣಗೊಂಡುದು 1622ರಲ್ಲಿ. ಮೂಲ ಗೋಪುರವನ್ನು ಉಳಿಸಿಕೊಂಡ ಹಳೆಯ ಕೋಟೆಗಳು ಆ ದೇಶದಲ್ಲಿ ಈಗ ಹನ್ನೆರಡು ಮಾತ್ರ, ಹಿಕೋನೆ ಅವುಗಳಲ್ಲೊಂದು.

ಬೇಸಗೆಯಲ್ಲಿ ಈ ಕೋಟೆಯನ್ನು ಏರುವುದು ಸುಲಭವಲ್ಲ. ಗಾಳಿಯಲ್ಲಿ ತೇವ ತುಂಬಿರುತ್ತದೆ. ಮರಗಳಲ್ಲಿ ಜೀರುಂಡೆಗಳು ಎಡೆಬಿಡದೆ ಕೂಗುತ್ತವೆ. ಶತ್ರುವಿನ ಹೆಜ್ಜೆ ತಪ್ಪಲೆಂದೇ ಕಲ್ಲುಮೆಟ್ಟಿಲುಗಳನ್ನು ಏರುಪೇರಾಗಿ ಕಟ್ಟಿದ್ದಾರೆ. ಗೋಪುರದೊಳಗಿನ ಮೆಟ್ಟಿಲುಗಳಂತೂ ಏಣಿಯಷ್ಟೇ ಕಡಿದು. ದಣಿದು ಇಳಿದು ಬಂದ ನಾವು ಬುಡದಲ್ಲಿರುವ ಗೆಂಕ್ಯೂಎನ್ ಉದ್ಯಾನದ ಚಹಾಮನೆಯಲ್ಲಿ ಕುಳಿತೆವು. 1677ರಲ್ಲಿ ರಚಿತವಾದ ಉದ್ಯಾನವದು. ಚಾಪೆಯ ಮೇಲೆ ಕುಳಿತರೆ ಎದುರಿಗೆ ಕೊಳ. ಮೊದಲು ಒಂದು ಸಿಹಿ ತುಣುಕು, ಅನಂತರ ಬಟ್ಟಲಿನಲ್ಲಿ ನೊರೆಯೆದ್ದ ಹಸಿರು ಚಹಾ. ಹಾಲಿಲ್ಲ, ಸಕ್ಕರೆಯಿಲ್ಲ. ಎರಡೂ ಕೈಗಳಲ್ಲಿ ಬಟ್ಟಲನ್ನೆತ್ತಿ ಕುಡಿಯಬೇಕು. ಆತುರಕ್ಕೆ ಅಲ್ಲಿ ಎಡೆಯೇ ಇಲ್ಲ.

ಸಂಪ್ರದಾಯದ ಚಹಾಕೋಣೆಗೆ ಅತಿಥಿಗಳು ಬರುವ ಬಾಗಿಲು ಬಹಳ ಚಿಕ್ಕದು. ಎಂತಹ ಪ್ರಭುವಾದರೂ ಕತ್ತಿಯನ್ನು ಹೊರಗಿಟ್ಟು, ತಲೆ ಬಾಗಿ, ಮಂಡಿಯೂರಿ ಒಳಸರಿಯಬೇಕು. ಒಳಗೆ ಪ್ರಭುವಿಲ್ಲ, ಸೇವಕನಿಲ್ಲ. ಅತಿಥಿ ಮತ್ತು ಆತಿಥೇಯ ಇಬ್ಬರೇ.

ಹಿಕೋನೆಯ ಒಡೆಯನಾಗಿದ್ದ ನಾವೊಸುಕೆ ಈ ಕಲೆಯ ದೊಡ್ಡ ಸಾಧಕ. ತಂದೆಗೆ ಹದಿನಾಲ್ಕನೆಯ ಮಗನಾದುದರಿಂದ ಅವನಿಗೆ ಪಟ್ಟದ ಆಸೆಯಿರಲಿಲ್ಲ. ಚಿಕ್ಕ ಮನೆಯೊಂದರಲ್ಲಿ ಸುಮಾರು ಹದಿನೈದು ವರ್ಷ ವಾಸಿಸಿ, ಅದಕ್ಕೆ 'ಹೂತುಹೋದ ಮರದ ಮನೆ' ಎಂಬರ್ಥದ ಹೆಸರಿಟ್ಟ. ಚಹಾವಿಧಿಯ ಕುರಿತು ಅವನು ಬರೆದ ಗ್ರಂಥದ ತಿರುಳು 'ಇಚಿಗೊ ಇಚಿಯೆ', ಅಂದರೆ ಬಾಳಿಗೊಂದೇ ಭೇಟಿ. ಇಂದಿನ ಅತಿಥಿ ನಾಳೆ ಮತ್ತೆ ಬಂದರೂ ಇಂದಿನ ಕೂಟ ಮರಳಿ ಬಾರದು. ಆದ್ದರಿಂದ ಅತಿಥಿ ಕಣ್ಮರೆಯಾಗುವವರೆಗೂ ಬೀಳ್ಕೊಟ್ಟು, ಒಳಬಂದು, ಒಲೆಯ ಮುಂದೆ ಒಬ್ಬನೇ ಕುಳಿತು ಅದನ್ನು ನೆನೆಯಬೇಕೆಂದು ಅವನು ಬೋಧಿಸಿದ.

ಆದರೆ ಕಾಲ ತಿರುಗಿತು. ಅಣ್ಣನ ನಂತರ 1850ರಲ್ಲಿ ಅವನಿಗೇ ಪಟ್ಟ ಬಂದಿತು. 1858ರಲ್ಲಿ ಶೋಗುನ್ ಸರಕಾರದ ಅತ್ಯುನ್ನತ ಪದವಿಯೂ ದೊರೆಯಿತು. ಚಕ್ರವರ್ತಿಯ ಒಪ್ಪಿಗೆಗೆ ಕಾಯದೆ ಅಮೆರಿಕದೊಡನೆ ಒಪ್ಪಂದವಾಯಿತು. ವಿರೋಧಿಸಿದವರನ್ನು ಅವನು ಕಠೋರವಾಗಿ ದಮನಿಸಿದ. ವಿದ್ವಾಂಸ ಯೋಶಿದಾ ಶೋಇನ್ 1859ರಲ್ಲಿ ಮರಣದಂಡನೆಗೆ ಗುರಿಯಾದ. ಮರುವರ್ಷದ ಮಾರ್ಚಿಯಲ್ಲಿ, ಹಿಮ ಬೀಳುತ್ತಿದ್ದ ಮುಂಜಾನೆ, ಎದೋ ಕೋಟೆಯ ದ್ವಾರದ ಬಳಿ ನಾವೊಸುಕೆಯೂ ಕತ್ತಿಗೆ ಬಲಿಯಾದ. ದೇಶದ ಬಾಗಿಲು ತೆರೆದ ಧೀರನೆಂದು ಅವನನ್ನು ಹೊಗಳುವವರೂ ಇದ್ದಾರೆ. ಆದರೂ ಚಹಾಕೋಣೆಯ ಹೊರಗೆ ಇಳಿಸಿಡುತ್ತಿದ್ದ ಕತ್ತಿ ಅಧಿಕಾರದ ಕೋಣೆಯ ಒಳಗೇ ಇದ್ದಿತೆಂಬುದನ್ನು ಮರೆಯಲಾಗದು.

ಪರದೇಶದ ಒಬ್ಬ ಪ್ರಭುವನ್ನು ತೂಗಿ ನೋಡುವುದು ನಮ್ಮ ಉದ್ದೇಶವಲ್ಲ. ನುಡಿದಂತೆ ನಡೆಯಬೇಕೆಂಬ ಶರಣರ ಮಾರ್ಗದಲ್ಲಿರುವ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಇಷ್ಟಲಿಂಗದ ಮುಂದೆ ಬಾಗಿದ ತಲೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೂ ಬಾಗಿರುವುದೇ? ಜಂಗಮರೊಡನೆ ಆಡುವ ಮೆಲುನುಡಿ ಮನೆಯ ಸೊಸೆಗೆ, ಹೊಲದಲ್ಲಿ ದುಡಿಯುವವರಿಗೆ ದೊರೆಯುವುದೇ? ಪೂಜಾಗೃಹದ ಹೊಸ್ತಿಲು ದಾಟಿ ಬಂದ ಮೇಲೂ ಉಳಿಯುವ ವಿನಯವೇ ನಿಜವಾದ ವಿನಯ. ಆ ಹೊಸ್ತಿಲನ್ನು ನಾವು ದಿನವೂ ದಾಟುತ್ತೇವೆ. ದಿನವೂ ನಮ್ಮ ಪರೀಕ್ಷೆ ನಡೆಯುತ್ತದೆ.